ಬಾರದ ಓದುಗರನ್ನು ಹುಡುಕಿಕೊಂಡು

ಮೂಡಲಗಿ ತಾಲ್ಲೂಕಿನ ಮಸಗುಪ್ಪಿಯ ನಕ್ಷೆ ಬರೆಯಲು ಕುಳಿತವರು ಅಗಸಿ, ಗುಡಿ, ಪಂಚಾಯಿತಿ, ಶಾಲೆ, ಓಣಿಗಳನ್ನಷ್ಟೇ ಗುರುತಿಸಿ ಎದ್ದರೆ ನಕ್ಷೆ ಪೂರ್ತಿಯಾಗುವುದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಜನವಸತಿಯೇ ಎರಡು ಬಗೆಯದು. ಊರೊಳಗಿನ ಮನೆಗಳು ಒಂದು ಬಗೆ, ಹೊಲಗಳ ನಡುವೆ ಚದುರಿಕೊಂಡಿರುವ ತೋಟದ ಮನೆಗಳು ಇನ್ನೊಂದು. 1897ರಲ್ಲಿ ಧೂಪದಾಳದಲ್ಲಿ ಘಟಪ್ರಭೆಗೆ ಒಡ್ಡು ಕಟ್ಟಿ ಕಾಲುವೆ ತೆಗೆದರು. ಮುಂದೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಜಲಾಶಯವಾಯಿತು. ನೀರು ಬಂದಲ್ಲಿ ಕಬ್ಬು ಬಂತು, ಕಬ್ಬು ಬಂದಲ್ಲಿ ರೈತ ಹೊಲದಲ್ಲೇ ಮನೆ ಮಾಡಿಕೊಂಡ. ಆ ಮನೆಗಳ ಮಕ್ಕಳಿಗಾಗಿ ಸರ್ಕಾರ ತೋಟಗಳಲ್ಲೇ ಶಾಲೆ ತೆರೆಯಿತು. ಒಂದೊಂದು ಮನೆತನದ ತೋಟದ ಹೆಸರು ಹೊತ್ತ ಸರ್ಕಾರಿ ಕನ್ನಡ ಶಾಲೆಗಳು ಈ ಭಾಗದಲ್ಲಿ ಸಾಕಷ್ಟಿವೆ. ಶಾಲೆ ತೋಟದವರೆಗೆ ಹೋಯಿತು. ಗ್ರಂಥಾಲಯ ಮಾತ್ರ ಊರೊಳಗೇ ಉಳಿಯಿತು.

ತೋಟದ ಮನೆಯ ಒಬ್ಬ ಹುಡುಗಿ ಸಂಜೆ ಗ್ರಂಥಾಲಯಕ್ಕೆ ಬರಬೇಕೆಂದರೆ ಏನೇನು ಕೂಡಿಬರಬೇಕು, ಯೋಚಿಸಿ ನೋಡಿ. ಶಾಲೆಯಿಂದ ಬಂದ ಮೇಲೆ ದನಕ್ಕೆ ಮೇವು ಹಾಕಬೇಕು, ಸಣ್ಣ ತಮ್ಮನನ್ನು ನೋಡಿಕೊಳ್ಳಬೇಕು. ಆಮೇಲೆ ಆಳೆತ್ತರ ಮೀರಿ ಬೆಳೆದ ಕಬ್ಬಿನ ನಡುವಿನ ಹಾದಿ ಹಿಡಿದು ಊರಿಗೆ ಹೋಗಿ, ಕತ್ತಲಾಗುವುದರೊಳಗೆ ತಿರುಗಿ ಬರಬೇಕು. ಜೊತೆಗೆ ಯಾರಾದರೂ ಇರಬೇಕು. ಅಲ್ಲಿ ಹೋದಾಗ ಬಾಗಿಲು ತೆರೆದಿರಬೇಕು, ಬಾಗಿಲಲ್ಲಿ ಗಂಡುಹುಡುಗರ ಗುಂಪು ನಿಂತಿರಬಾರದು. ಇಷ್ಟರಲ್ಲಿ ಒಂದು ತಪ್ಪಿದರೂ ಆಕೆ ಬರುವುದಿಲ್ಲ. ಗ್ರಂಥಾಲಯದ ಹಾಜರಿ ಪುಸ್ತಕದಲ್ಲಿ ಬಂದವರ ಸಹಿ ಇರುತ್ತದೆ, ಬಾರದವಳ ಕಾರಣಕ್ಕೆ ಅಲ್ಲಿ ಜಾಗವಿಲ್ಲ. ಮೇಲಿನ ಕಚೇರಿಗೆ ಹೋಗುವ ವರದಿಯಲ್ಲಿ ಪುಸ್ತಕಗಳ ಸಂಖ್ಯೆ, ಸದಸ್ಯರ ಸಂಖ್ಯೆ, ಬಂದವರ ಸಂಖ್ಯೆ ಎಲ್ಲ ಇರುತ್ತವೆ. ಅವೆಲ್ಲ ಒಳಗೆ ಕಾಲಿಟ್ಟವರ ಲೆಕ್ಕ.

ಹೊರಗುಳಿದವರ ಕಾರಣ ಹುಡುಕುವುದಕ್ಕೆ, ಒಳಗೆ ಬಂದವರು ಎಲ್ಲಿ ತಡವರಿಸುತ್ತಾರೆ ಎಂದು ನೋಡುವುದಕ್ಕೆ ಈಗ ಒಂದು ಪದ್ಧತಿಯೇ ಬೆಳೆದಿದೆ. ಅದಕ್ಕೆ ಯೂಸರ್ ಎಕ್ಸ್‌ಪೀರಿಯನ್ಸ್ ರಿಸರ್ಚ್ ಎನ್ನುತ್ತಾರೆ, ಎಂದರೆ ಬಳಸುವವರ ಅನುಭವದ ಅಧ್ಯಯನ. ಮೊಬೈಲ್ ಆ್ಯಪ್ ಮಾಡುವ ಕಂಪನಿಗಳಲ್ಲಿ ಈ ಕೆಲಸಕ್ಕೇ ಜನರಿದ್ದಾರೆ. ನಮ್ಮ ಹಳ್ಳಿಯ ಗ್ರಂಥಾಲಯಕ್ಕೂ ಇದು ಬೇಕು, ಅದೂ ತುರ್ತಾಗಿ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇದಕ್ಕೆ ಕಂಪ್ಯೂಟರ್ ಬೇಡ, ತಜ್ಞರ ತಂಡ ಬೇಡ. ಒಂದು ನೋಟ್‌ಬುಕ್, ಒಂದಿಷ್ಟು ತಾಳ್ಮೆ ಇದ್ದರೆ ಸಾಕು.

ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಗ್ರಂಥಾಲಯದವರು ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ನ್ಯಾನ್ಸಿ ಫ್ರೈಡ್ ಫಾಸ್ಟರ್ ಎಂಬ ಮಾನವಶಾಸ್ತ್ರಜ್ಞೆಯನ್ನು ಕೆಲಸಕ್ಕೆ ತೆಗೆದುಕೊಂಡರು. ಬುಡಕಟ್ಟುಗಳ ಬದುಕನ್ನು ಅರಿಯಲು ಬಳಸುವ ವಿಧಾನಗಳನ್ನು ಆಕೆ ತಮ್ಮದೇ ವಿದ್ಯಾರ್ಥಿಗಳ ನಡುವೆ ಬಳಸಿದರು. ವಿದ್ಯಾರ್ಥಿಗಳ ಕೈಗೆ ಕ್ಯಾಮೆರಾ ಕೊಟ್ಟು, ನೀವು ಓದುವ ಜಾಗ, ನಿಮ್ಮ ಚೀಲದಲ್ಲಿರುವ ಸಾಮಾನು ಎಲ್ಲವನ್ನೂ ಚಿತ್ರ ತೆಗೆದು ತನ್ನಿ ಎಂದರು. ನಕ್ಷೆ ಕೊಟ್ಟು, ಇಡೀ ದಿನ ಎಲ್ಲೆಲ್ಲಿ ಓಡಾಡಿದಿರಿ, ಎಷ್ಟು ಹೊತ್ತಿಗೆ ಎಲ್ಲಿದ್ದಿರಿ ಎಂದು ಗುರುತು ಹಾಕಿಸಿದರು. ಸೂಸನ್ ಗಿಬ್ಬನ್ಸ್ ಜೊತೆ ಸಂಪಾದಿಸಿ 2007ರಲ್ಲಿ ಆಕೆ ಹೊರತಂದ ಪುಸ್ತಕ ಗ್ರಂಥಪಾಲಕರ ಎಷ್ಟೋ ನಂಬಿಕೆಗಳನ್ನು ಅಲುಗಾಡಿಸಿತು. ಗ್ರಂಥಪಾಲಕರು ಹಗಲು ಹೊತ್ತು ಸಹಾಯಕ್ಕೆ ಕುಳಿತಿರುತ್ತಿದ್ದರು, ವಿದ್ಯಾರ್ಥಿಗಳ ಬರವಣಿಗೆ ಸಾಗುತ್ತಿದ್ದುದು ರಾತ್ರಿ. ಅದು ಗೊತ್ತಾದ ಮೇಲೆ ರಾತ್ರಿಯೂ ಕೂತು ನೆರವಾಗುವ ಪ್ರಯೋಗಕ್ಕೆ ಕೈ ಹಾಕಿದರು.

ನಮಗೆ ಇದು ತೀರ ಹೊರಗಿನ ವಿದ್ಯೆಯೂ ಅಲ್ಲ. ಎಸ್.ಆರ್. ರಂಗನಾಥನ್ ಇದರ ತಿರುಳನ್ನು 1931ರಷ್ಟು ಹಿಂದೆಯೇ ಹೇಳಿದ್ದರು. ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿದ್ದಾಗ ಅವರು ಮಂಡಿಸಿದ ಐದು ಸೂತ್ರಗಳನ್ನು ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳು ಇಂದಿಗೂ ಬಾಯಿಪಾಠ ಮಾಡುತ್ತಾರೆ. ಪುಸ್ತಕವಿರುವುದು ಬಳಕೆಗಾಗಿ ಎಂಬ ಮೊದಲ ಸೂತ್ರವನ್ನು ವಿವರಿಸುವಾಗ ಅವರು ಚರ್ಚಿಸಿದ್ದು ಗ್ರಂಥಾಲಯ ಊರಿನ ಯಾವ ಭಾಗದಲ್ಲಿರಬೇಕು, ಎಷ್ಟು ಹೊತ್ತು ತೆರೆದಿರಬೇಕು, ಕುರ್ಚಿ ಬೀರುಗಳು ಹೇಗಿರಬೇಕು, ಅಲ್ಲಿನ ಸಿಬ್ಬಂದಿ ಹೇಗಿರಬೇಕು ಎಂಬುದನ್ನು. ಓದುಗರ ಸಮಯ ಉಳಿಸಬೇಕೆಂಬುದು ನಾಲ್ಕನೆಯ ಸೂತ್ರ. ಸೂತ್ರಗಳು ಪರೀಕ್ಷೆಯ ಐದು ಅಂಕದ ಉತ್ತರವಾಗಿಬಿಟ್ಟವು, ಅವುಗಳ ಹಿಂದಿದ್ದ ಕಣ್ಣು ಹಿಂದೆ ಬಿತ್ತು. ಅದೇ ರಂಗನಾಥನ್ ಬದುಕಿನ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. ಗ್ರಂಥಾಲಯ ವಿಜ್ಞಾನದ ಸಂಶೋಧನೆಗೆಂದು ಅವರು 1962ರಲ್ಲಿ ಅಲ್ಲಿ ಕಟ್ಟಿದ ಡಿ.ಆರ್.ಟಿ.ಸಿ. ಸಂಸ್ಥೆ ಇಂದಿಗೂ ಇದೆ. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ, ಅವರು ಇಲ್ಲಿದ್ದಾಗಲೇ.

ಈ ಕಾಯ್ದೆಯಡಿ ಹಳ್ಳಿಹಳ್ಳಿಗೆ ಗ್ರಂಥಾಲಯ ಬಂತು. ಬಹುಕಾಲ ಅವು ಒಂದು ಸಣ್ಣ ಕೋಣೆ, ಎರಡು ಪತ್ರಿಕೆ, ಬೀಗ ಹಾಕಿದ ಬೀರುಗಳಾಗಿಯೇ ಉಳಿದವು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಹೊಣೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದ ಮೇಲೆ ಚಿತ್ರ ಬದಲಾಯಿತು. ಹಿರಿಯ ಅಧಿಕಾರಿ ಉಮಾ ಮಹಾದೇವನ್ ಇದರ ಬೆನ್ನು ಹತ್ತಿದರು. ಶಾಲೆಗಳಿಗೆ ಕೋವಿಡ್ ಬೀಗ ಹಾಕಿದ್ದ ದಿನಗಳಲ್ಲಿ, 2020ರ ನವೆಂಬರಿನಲ್ಲಿ, ‘ಓದುವ ಬೆಳಕು’ ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆಲ್ಲ ಸದಸ್ಯತ್ವ ಉಚಿತವಾಯಿತು. ಲಕ್ಷಾಂತರ ಮಕ್ಕಳು ಹೆಸರು ಬರೆಸಿದರು. ಹಳೆಯ ಕಟ್ಟಡಗಳ ಗೋಡೆಗೆ ಬಣ್ಣ ಬಂತು, ಚಿತ್ರ ಬಂತು, ಅನೇಕ ಕಡೆ ಕಂಪ್ಯೂಟರ್ ಬಂತು, ‘ಅರಿವು ಕೇಂದ್ರ’ ಎಂಬ ಹೆಸರು ಬಂತು. ರಾಜ್ಯದಲ್ಲಿ ಇಂಥ 5,600ಕ್ಕೂ ಹೆಚ್ಚು ಗ್ರಂಥಾಲಯಗಳಿವೆ. ಇದು ಸಣ್ಣ ಸಾಧನೆಯಲ್ಲ. ಸದಸ್ಯತ್ವದ ದುಡ್ಡು ಎಂಬ ಒಂದು ಅಡ್ಡಿಯನ್ನು ತೆಗೆದದ್ದಕ್ಕೇ ಇಷ್ಟು ಮಕ್ಕಳು ಬಂದರೆಂದರೆ, ಉಳಿದ ಅಡ್ಡಿಗಳನ್ನೂ ಹುಡುಕಿ ತೆಗೆಯುವುದು ಮುಂದಿನ ಕೆಲಸ. ಅವು ಊರಿಂದ ಊರಿಗೆ ಬೇರೆ. ಬೆಂಗಳೂರಿನಿಂದ ಹೊರಡುವ ಸುತ್ತೋಲೆಯಲ್ಲಿ ಮಸಗುಪ್ಪಿಯ ತೋಟದ ಹಾದಿ ಕಾಣಿಸುವುದಿಲ್ಲ. ಅದನ್ನು ಅಲ್ಲಿಯವರೇ ನೋಡಿ ಬರೆಯಬೇಕು.

ನೋಡುವುದು ಹೇಗೆ? ಮೊದಲು ಸುಮ್ಮನೆ ಕೂತು ನೋಡಬೇಕು. ಗ್ರಂಥಾಲಯದ ಕೋಣೆಯ ನಕ್ಷೆಯನ್ನು ಹಾಳೆಯ ಮೇಲೆ ಬರೆದುಕೊಂಡು, ಅರ್ಧ ಗಂಟೆಗೊಮ್ಮೆ ಯಾರು ಎಲ್ಲಿ ಕೂತಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಗುರುತು ಹಾಕುತ್ತ ಹೋಗಬೇಕು. ಹೆಸರು ಬರೆಯಬೇಕಿಲ್ಲ, ಸಣ್ಣ ಹುಡುಗ, ದೊಡ್ಡ ಹುಡುಗಿ, ಮುದುಕರು ಎಂದರೆ ಸಾಕು. ಒಂದು ವಾರದಲ್ಲಿ ಹಾಳೆಗಳು ಮಾತಾಡತೊಡಗುತ್ತವೆ. ಹಿರಿಯರು ಪೇಪರ್ ಹಿಡಿದು ಯಾವಾಗಲೂ ಬಾಗಿಲ ಬಳಿಯೇ ಕೂತಿದ್ದರೆ ಒಳಗೆ ಬೆಳಕು ಸಾಲದು ಎಂದರ್ಥ. ಸಣ್ಣ ಮಕ್ಕಳು ನೆಲದ ಮೇಲೆ ಕೂತಿದ್ದರೆ ಮೇಜು ಅವರ ಎತ್ತರಕ್ಕಿಲ್ಲ, ಅವರಿಗೆ ಬೇಕಾದದ್ದು ಒಂದು ಜಮಖಾನೆ. ಒಂದು ಬೀರುವಿನ ಮುಂದೆ ವಾರವಿಡೀ ಯಾರೂ ನಿಂತಿಲ್ಲ ಎಂದಾದರೆ ಅದರೊಳಗೆ ಏನಿದೆ ಎಂದು ಮತ್ತೊಮ್ಮೆ ನೋಡಬೇಕು.

ಇನ್ನೊಂದು ವಿಷಯ ಈ ಹಾಳೆಗಳಲ್ಲಿ ಖಂಡಿತ ಕಾಣುತ್ತದೆ. ಬೆಳಿಗ್ಗೆಯೇ ಬಂದು ಕೂತು ಇಡೀ ದಿನ ಏಳದ ಹುಡುಗರು ಗ್ರಂಥಾಲಯದ ಒಂದು ಪುಸ್ತಕವನ್ನೂ ಮುಟ್ಟುವುದಿಲ್ಲ. ಅವರ ಮುಂದೆ ಇರುವುದು ಅವರೇ ತಂದ ಗೈಡು, ನೋಟ್ಸು, ಮೊಬೈಲ್. ಪೊಲೀಸ್ ಭರ್ತಿ, ಸೈನ್ಯದ ಭರ್ತಿ, ಪಿಡಿಒ, ಗ್ರಾಮ ಆಡಳಿತಾಧಿಕಾರಿ ಪರೀಕ್ಷೆಗೆ ತಯಾರಾಗುತ್ತಿರುವವರು ಅವರು. “ಯಾಕ್ ತಮ್ಮಾ, ಪುಸ್ತಕ ತಗೊಳ್ಳಂಗಿಲ್ಲೇನು?” ಎಂದು ಕೇಳಿದರೆ, “ಇಲ್ರೀ ಸರ, ಕುಂದರಾಕ ಬರ್ತೀವ್ರೀ, ಮನ್ಯಾಗ ಗದ್ಲಾ ಭಾಳ” ಎನ್ನುತ್ತಾರೆ. ಇಂಥ ಹುಡುಗರನ್ನು ಓದುಗರೆಂದೇ ಲೆಕ್ಕಕ್ಕೆ ಹಿಡಿಯದ ಗ್ರಂಥಪಾಲಕರಿದ್ದಾರೆ. ಅದು ತಪ್ಪು. ಎರಡು ಕೋಣೆಯ ಮನೆಯಲ್ಲಿ ಎಂಟು ಜನ ಇರುವಾಗ ಶಾಂತವಾದ ಒಂದು ಕುರ್ಚಿ, ತಲೆಯ ಮೇಲೊಂದು ಫ್ಯಾನು, ಚಾರ್ಜರ್ ಹಾಕಲು ಒಂದು ಪ್ಲಗ್ಗು ದೊಡ್ಡ ಸೇವೆಯೇ. ಅವರಿಗೆ ಬೇಕಾದದ್ದು ಬೆಳಗಿನ ಜಾವ ತೆರೆಯುವ ಬಾಗಿಲು, ಕರೆಂಟು ಹೋದಾಗಲೂ ಉರಿಯುವ ದೀಪ. ಇದು ಗೊತ್ತಾದ ಪಂಚಾಯಿತಿ ಮುಂದಿನ ಸಲದ ಹಣವನ್ನು ಇನ್ನೊಂದು ಬೀರುವಿಗೆ ಹಾಕುವ ಬದಲು ಇನ್ವರ್ಟರಿಗೆ ಹಾಕುತ್ತದೆ.

ನೋಡಿದ ಮೇಲೆ ಕೇಳುವುದು. ಇಲ್ಲಿಯೇ ಬಹಳಷ್ಟು ಸಮೀಕ್ಷೆಗಳು ಸೋಲುತ್ತವೆ. “ಗ್ರಂಥಾಲಯದಾಗ ನಿಮಗ ಏನ್ ಬೇಕ್ರೀ?” ಎಂದು ಕೇಳಿದರೆ ನಮ್ಮ ಜನ ಮರ್ಯಾದೆಯವರು, “ಎಲ್ಲಾ ಚಲೋ ಐತ್ರೀ” ಎಂದು ಮುಗಿಸಿಬಿಡುತ್ತಾರೆ. ಕೇಳಬೇಕಾದದ್ದು ನಡೆದ ಸಂಗತಿಯನ್ನು. ಹ್ವಾದ ಸಲ ಯಾವಾಗ ಬಂದಿದ್ರಿ? ಏನ್ ಹುಡುಕಾಕ ಬಂದಿದ್ರಿ? ಸಿಕ್ತೇನ್ರೀ? ಸಿಗಲಿಲ್ಲಂದ್ರ ಆಮ್ಯಾಲ ಏನ್ ಮಾಡಿದ್ರಿ? ಈ ಕೊನೆಯ ಪ್ರಶ್ನೆಗೆ ಸಿಗುವ ಉತ್ತರದಲ್ಲಿ ಬಂಗಾರವಿದೆ. ಅರಿಷಿಣಕ್ಕೆ ಬಂದ ರೋಗದ ಬಗ್ಗೆ ತಿಳಿಯಲು ಬಂದ ರೈತ, ಸಿಗದೆ ಹೋದಾಗ ಗೊಬ್ಬರದ ಅಂಗಡಿಯವನನ್ನು ಕೇಳಿದ ಎಂದಾದರೆ, ಆ ಊರಿನ ಕೃಷಿ ಗ್ರಂಥಾಲಯ ಗೊಬ್ಬರದ ಅಂಗಡಿಯೇ. ಮಗಳ ವಿದ್ಯಾರ್ಥಿವೇತನದ ಅರ್ಜಿ ತುಂಬಿಸಲು ಬಂದ ತಾಯಿ, ಉತಾರದ ಪ್ರತಿ ಹೇಗೆ ತೆಗೆಸುವುದೆಂದು ಕೇಳಲು ಬಂದ ಅಜ್ಜ, ಇವರೆಲ್ಲ ಗ್ರಂಥಾಲಯದ ಬಾಗಿಲವರೆಗೆ ಬಂದ ಓದುಗರೇ. ಕೇಳಿದ ಪ್ರಶ್ನೆಯನ್ನೂ ಸಿಗದೇ ಹೋದದ್ದನ್ನೂ ಬರೆದಿಡುವ ಒಂದು ವಹಿ ಪ್ರತಿ ಅರಿವು ಕೇಂದ್ರದಲ್ಲಿ ಇರಬೇಕು. ಹಾಜರಿ ಪುಸ್ತಕಕ್ಕಿಂತ ಅದರ ಬೆಲೆ ಹೆಚ್ಚು.

ಮೂರನೆಯದು ಒಂದು ಸಣ್ಣ ಪರೀಕ್ಷೆ, ಓದುಗರಿಗಲ್ಲ, ಗ್ರಂಥಾಲಯಕ್ಕೆ. ಏಳನೆಯ ತರಗತಿಯ ಒಬ್ಬ ಹುಡುಗನಿಗೆ, “ಚಂದ್ರಶೇಖರ ಕಂಬಾರರ ಒಂದು ಪುಸ್ತಕ ಹುಡುಕಿ ತಾ” ಎಂದು ಹೇಳಿ ಸುಮ್ಮನೆ ಕೂರಬೇಕು, ಸಹಾಯ ಮಾಡಬಾರದು. ಅವನು ಮೊದಲು ಎತ್ತ ಹೋದ, ಎಲ್ಲಿ ನಿಂತ, ಪುಸ್ತಕದ ಬೆನ್ನ ಮೇಲಿನ ಅಂಕಿಗಳನ್ನು ನೋಡಿ ಏನೆಂದುಕೊಂಡ, ಯಾವಾಗ ಸೋತು ನಿಮ್ಮ ಮುಖ ನೋಡಿದ ಎಂಬುದನ್ನು ಬರೆದುಕೊಳ್ಳಬೇಕು. ಇದಕ್ಕೆ ನೂರು ಮಕ್ಕಳು ಬೇಕಿಲ್ಲ. ಐದು ಮಂದಿಯನ್ನು ಗಮನಿಸಿದರೆ ದೊಡ್ಡ ತೊಡಕುಗಳಲ್ಲಿ ಬಹುಪಾಲು ಹೊರಬೀಳುತ್ತವೆ ಎಂದು ಈ ಕ್ಷೇತ್ರದ ಹಿರಿಯ ಜೇಕಬ್ ನೀಲ್ಸನ್ 2000ದಲ್ಲಿ ವಾದಿಸಿದರು. ವೆಬ್‌ಸೈಟು, ತಂತ್ರಾಂಶಗಳ ಪರೀಕ್ಷೆಯ ಬಗ್ಗೆ ಅವರು ಹೇಳಿದ ಈ ಮಾತು ಒಂದೇ ಕೋಣೆಯ ಗ್ರಂಥಾಲಯಕ್ಕೂ ಹೊಂದುತ್ತದೆ.

ಕಂಬಾರರ ಹೆಸರನ್ನು ಬೇಕೆಂದೇ ಹೇಳಿದೆ. ಜ್ಞಾನಪೀಠ ಪಡೆದ ಅವರು ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯವರು. ಅವರ ಹೈಸ್ಕೂಲ್ ಗುರುಗಳು ಕಾದಂಬರಿಕಾರ ಕೃಷ್ಣಮೂರ್ತಿ ಪುರಾಣಿಕ. ಆನಂದಕಂದರೆಂದು ಹೆಸರಾದ ಬೆಟಗೇರಿ ಕೃಷ್ಣಶರ್ಮರು ಗೋಕಾಕ ತಾಲ್ಲೂಕಿನ ಬೆಟಗೇರಿಯವರು, ಬಸವರಾಜ ಕಟ್ಟೀಮನಿ ಅದೇ ತಾಲ್ಲೂಕಿನ ಮಲಾಮರಡಿಯವರು. ಶ್ರೀಕೃಷ್ಣ ಪಾರಿಜಾತವನ್ನು ಬೆಳೆಸಿದ ತಮ್ಮಣ್ಣನ ಕುಲಗೋಡ, ಅದನ್ನು ರಂಗದ ಮೇಲೆ ಮೆರೆಸಿದ ನಿಂಗಮ್ಮನ ಕೌಜಲಗಿ, ಎರಡೂ ಇದೇ ಸೀಮೆಯ ಊರುಗಳು. ಇಷ್ಟು ದೊಡ್ಡ ಪರಂಪರೆಯ ನಡುವೆ ಇರುವ ಒಂದು ಹಳ್ಳಿಯ ಗ್ರಂಥಾಲಯದಲ್ಲಿ ‘ನಮ್ಮ ಸೀಮೆಯವರು’ ಎಂದು ದೊಡ್ಡಕ್ಷರದಲ್ಲಿ ಬರೆದ ಒಂದು ಅರೆ ಇದ್ದರೆ ಅದರ ಮುಂದೆ ಮಕ್ಕಳೂ ನಿಲ್ಲುತ್ತಾರೆ, ಪಾರಿಜಾತ ನೋಡಿ ಬೆಳೆದ ಅಜ್ಜಂದಿರೂ ನಿಲ್ಲುತ್ತಾರೆ. ರಾಜ್ಯ ಮಟ್ಟದ ಸಗಟು ಖರೀದಿಯಲ್ಲಿ ಬರುವ ಪುಸ್ತಕಗಳನ್ನು ಆರಿಸುವವರು ಬೇರೆ ಯಾರೋ. ಬಂದದ್ದನ್ನು ಹೇಗೆ ಜೋಡಿಸುವುದು ಎಂಬುದಂತೂ ಊರಿನ ಕೈಯಲ್ಲೇ ಇದೆ.

ಬೀಗದ ಮಾತೂ ಇಲ್ಲಿ ಬರಬೇಕು. ಗಾಜಿನ ಬೀರುವಿಗೆ ಬೀಗ ಹಾಕಿ ಕೀಲಿಯನ್ನು ಡ್ರಾಯರಿನಲ್ಲಿಟ್ಟ ಗ್ರಂಥಾಲಯ ಮೇಲ್ವಿಚಾರಕರನ್ನು ಬೈಯುವುದು ಸುಲಭ. ಪುಸ್ತಕ ಕಳೆದರೆ ತಮ್ಮ ತಲೆಗೇ ಬರುತ್ತದೆ ಎಂಬ ಭಯ ಅವರಿಗಿದ್ದರೆ ಬೀಗ ತೆರೆಯುವುದಿಲ್ಲ. ಮಕ್ಕಳಿಗೂ ಕೀಲಿ ಕೇಳುವ ಧೈರ್ಯವಿರುವುದಿಲ್ಲ. ರಂಗನಾಥನ್ ತೆರೆದ ಕಪಾಟಿನ ಪರ ವಾದಿಸಿದವರು. ಒಂದಿಷ್ಟು ಪುಸ್ತಕ ಕಳೆಯುವ ನಷ್ಟಕ್ಕಿಂತ ಓದುಗರ ಕೈಗೆ ಪುಸ್ತಕ ಸಿಗುವ ಲಾಭ ದೊಡ್ಡದು ಎಂದು ತಿಳಿದವರು. ವರ್ಷಕ್ಕೆ ಇಷ್ಟು ಪುಸ್ತಕ ಕಳೆದರೆ, ಹರಿದರೆ ಯಾರ ಸಂಬಳಕ್ಕೂ ಕೈ ಹಾಕುವುದಿಲ್ಲ ಎಂದು ಪಂಚಾಯಿತಿ ಠರಾವು ಮಾಡಿ ಬರೆದುಕೊಡಲಿ. ಬೀಗ ತಾನಾಗಿಯೇ ಕಳಚುತ್ತದೆ. ನದಿ ದಂಡೆಯ ಊರುಗಳಲ್ಲಿ ಇನ್ನೊಂದು ಎಚ್ಚರವೂ ಬೇಕು. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕ ಪಟ್ಟಣಕ್ಕೇ ನುಗ್ಗಿದ್ದನ್ನು ಕಂಡವರು ಪುಸ್ತಕಗಳನ್ನು ಕೆಳಗಿನ ಅರೆಯಲ್ಲಿ ಇಡಬಾರದು.

ಇನ್ನು ಬಾರದವರ ಮಾತು. ನಾನು ಎಲ್ಲಕ್ಕಿಂತ ಮುಖ್ಯವೆಂದು ತಿಳಿದಿರುವುದು ಇದನ್ನೇ. ಇವರನ್ನು ಕೇಳಲು ಗ್ರಂಥಾಲಯದಿಂದ ಎದ್ದು ಹೊರಗೆ ಹೋಗಬೇಕು. ಸ್ವಸಹಾಯ ಸಂಘದ ಸಭೆಗೆ, ತೋಟದ ಶಾಲೆಗೆ, ಸಂತೆಗೆ, ಕಬ್ಬಿನ ಗ್ಯಾಂಗಿನವರು ಬಿಡಾರ ಹೂಡಿದ ಜಾಗಕ್ಕೆ ಹೋಗಬೇಕು. ಕಬ್ಬು ಕಡಿಯುವ ಸುಗ್ಗಿ ಚಳಿಗಾಲದುದ್ದಕ್ಕೂ ನಡೆಯುತ್ತದೆ. ಹೊರಗಿನಿಂದ ಬಂದ ಆ ಕುಟುಂಬಗಳ ಮಕ್ಕಳು ಇಲ್ಲಿನ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಊರೊಳಗೂ ಬಾರದವರಿದ್ದಾರೆ. ಗ್ರಂಥಾಲಯ ಯಾವ ಓಣಿಯಲ್ಲಿದೆ, ಯಾವ ಗುಡಿಯ ಪಕ್ಕದಲ್ಲಿದೆ ಎಂಬುದರ ಮೇಲೆ ಯಾವ ಜಾತಿಯ ಮಕ್ಕಳು ಸಲೀಸಾಗಿ ಒಳಗೆ ಬರುತ್ತಾರೆ, ಯಾರು ಹಿಂಜರಿಯುತ್ತಾರೆ ಎಂಬುದು ನಮ್ಮ ಹಳ್ಳಿಗಳಲ್ಲಿ ಇಂದಿಗೂ ನಿಂತಿದೆ. ಇದನ್ನು ಬಾಯಿಬಿಟ್ಟು ಹೇಳಲು ಯಾರಿಗೂ ಇಷ್ಟವಿಲ್ಲ. ಆದರೆ ಯಾವ ಕೇರಿಯಿಂದ ಯಾರೂ ಬರುತ್ತಿಲ್ಲ ಎಂಬುದನ್ನು ನೋಡದ ಅಧ್ಯಯನ ಅಧ್ಯಯನವೇ ಅಲ್ಲ. ಇಂಥದನ್ನು ಕೇಳುವಾಗ ಹೆಸರು ಬರೆಯಬಾರದು, ಫೋಟೋ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬಾರದು, ಮಕ್ಕಳನ್ನು ಕೇಳುವ ಮುಂಚೆ ಮನೆಯವರ ಒಪ್ಪಿಗೆ ಪಡೆಯಬೇಕು. ಹುಡುಗಿಯರನ್ನು ಹೆಣ್ಣುಮಕ್ಕಳೇ ಮಾತಾಡಿಸಿದರೆ ಒಳ್ಳೆಯದು. ಬಾಗಿಲಲ್ಲಿ ನಿಲ್ಲುವ ಹುಡುಗರ ಸಂಗತಿ ಆಗಲೇ ಹೊರಬರುವುದು.

ಬಾರದವರನ್ನು ಕೇಳಿ ಗ್ರಂಥಾಲಯದ ರೂಪವನ್ನೇ ಬದಲಿಸಿದ ಊರುಗಳಿವೆ. ಲಂಡನ್ನಿನ ಪೂರ್ವಭಾಗದ ಟವರ್ ಹ್ಯಾಮ್ಲೆಟ್ಸ್ ಬಡವರೂ ವಲಸಿಗರೂ ಹೆಚ್ಚಾಗಿರುವ ಪ್ರದೇಶ, ಬಾಂಗ್ಲಾದೇಶ ಮೂಲದವರ ಸಂಖ್ಯೆ ದೊಡ್ಡದು. ಅಲ್ಲಿನ ಹಳೆಯ ಗ್ರಂಥಾಲಯಗಳಿಗೆ ಬರುವವರು ಕಡಿಮೆಯಾದಾಗ ಸ್ಥಳೀಯ ಆಡಳಿತ ಜನರನ್ನೇ ಕೇಳಿತು. ಗ್ರಂಥಾಲಯ ಅಂಗಡಿ ಬೀದಿಯ ಹತ್ತಿರ ಇದ್ದರೆ, ಭಾನುವಾರವೂ ತೆರೆದಿದ್ದರೆ ಬರುತ್ತೇವೆ ಎಂದು ಜನ ಹೇಳಿದರು. 2002ರಲ್ಲಿ ಬೋ ಎಂಬಲ್ಲಿ ‘ಐಡಿಯಾ ಸ್ಟೋರ್’ ಹೆಸರಿನಲ್ಲಿ ಹೊಸ ರೀತಿಯ ಗ್ರಂಥಾಲಯ ತೆರೆಯಿತು. 2005ರಲ್ಲಿ ವೈಟ್‌ಚಾಪಲ್‌ನಲ್ಲಿ, ಬೀದಿ ಸಂತೆಯ ಮಗ್ಗುಲಲ್ಲೇ, ಅದರ ದೊಡ್ಡ ಶಾಖೆ ಎದ್ದು ನಿಂತಿತು. ಪುಸ್ತಕದ ಜೊತೆ ಅಲ್ಲಿ ವಯಸ್ಕರ ತರಗತಿಗಳೂ ನಡೆಯುತ್ತವೆ.

ಮಸಗುಪ್ಪಿಯ ತೋಟದ ಮನೆಗಳಿಗೆ ಉತ್ತರ ಯಾವುದು? ಅಲ್ಲಿಯ ಜನರನ್ನು ಕೇಳಿಯೇ ಹೇಳಬೇಕು. ಆದರೆ ಎಲ್ಲಿಂದ ಶುರು ಮಾಡಬಹುದೆಂದು ಊಹಿಸಬಲ್ಲೆ: ಹಾಲಿನ ಡೇರಿಯಿಂದ. ಎಮ್ಮೆ, ಆಕಳು ಸಾಕಿದ ತೋಟದ ಮನೆಯಿಂದ ಬೆಳಿಗ್ಗೆ ಒಬ್ಬರು, ಸಂಜೆ ಒಬ್ಬರು ಕ್ಯಾನು ಹಿಡಿದು ಡೇರಿಗೆ ಬಂದೇ ಬರುತ್ತಾರೆ. ಅಲ್ಲಿ ಒಂದು ಪೆಟ್ಟಿಗೆ ಪುಸ್ತಕ ಇಟ್ಟರೆ, ಹಾಲು ಹಾಕಿ ಹೋಗುವ ಅಣ್ಣನೋ ಅಪ್ಪನೋ ತಂಗಿಗೆ, ಮಗಳಿಗೆ ಪುಸ್ತಕ ಒಯ್ಯಬಹುದು, ಓದಿದ್ದನ್ನು ತಿರುಗಿ ತರಬಹುದು. ತೋಟದ ಶಾಲೆಗೆ ವಾರಕ್ಕೊಂದು ಪೆಟ್ಟಿಗೆ ಬದಲಿಸುವುದು ಇನ್ನೊಂದು ದಾರಿ. ಓದುಗರ ಬಳಿಗೆ ಪುಸ್ತಕ ಒಯ್ಯುವ ವಿಚಾರ ಹಳೆಯದೇ. 1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಗ್ರಂಥಾಲಯ ಹೊರಟಿತ್ತು. ಮೊಬೈಲಿನಲ್ಲಿ ಓದಬಹುದಾದ ಸರ್ಕಾರದ ಡಿಜಿಟಲ್ ಗ್ರಂಥಾಲಯ ಈಗ ಇದೆಯಲ್ಲ ಎನ್ನುವವರು, ಮನೆಯ ಒಂದೇ ಫೋನು ಸಂಜೆ ಯಾರ ಕಿಸೆಯಲ್ಲಿರುತ್ತದೆ ಎಂಬುದನ್ನೂ ಕೇಳಬೇಕು. ಪೆಟ್ಟಿಗೆಯ ಪ್ರಯೋಗ ಫಲಿಸದಿದ್ದರೆ ಒಂದು ತಿಂಗಳಲ್ಲಿ ಗೊತ್ತಾಗುತ್ತದೆ. ಆಗ ಇನ್ನೊಂದನ್ನು ನೋಡಬೇಕು. ಸಣ್ಣದಾಗಿ ಮಾಡಿ ನೋಡಿ, ತಿದ್ದಿಕೊಂಡು ಮುಂದೆ ಹೋಗುವುದು ಈ ಪದ್ಧತಿಯ ಜೀವ.

ಇದೆಲ್ಲವನ್ನೂ ಒಬ್ಬ ಮೇಲ್ವಿಚಾರಕರ ಹೆಗಲಿಗೆ ಹೇರುವುದು ಅನ್ಯಾಯ. ಅವರ ಸಂಬಳ ಸಣ್ಣದು, ಕೆಲಸ ಬಹಳ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿಜ್ಞಾನ ವಿಭಾಗವಿದೆ, ಗೋಕಾಕ ಮೂಡಲಗಿಗಳಲ್ಲಿ ಕಾಲೇಜುಗಳಿವೆ. ಆ ವಿದ್ಯಾರ್ಥಿಗಳು ಪ್ರಾಜೆಕ್ಟ್ ಎಂದು ಒಂದೊಂದು ಊರನ್ನು ಆರಿಸಿಕೊಂಡು ಹದಿನೈದು ದಿನ ಕೂತು ನೋಡಿದರೆ ಅವರಿಗೂ ಕಲಿಕೆ, ಊರಿಗೂ ಲಾಭ. ತಿಳಿದದ್ದನ್ನು ವಿಶ್ವವಿದ್ಯಾಲಯದ ಕಪಾಟಿನಲ್ಲಿ ಇಡದೆ ಗ್ರಾಮಸಭೆಯಲ್ಲಿ ಓದಿ ಹೇಳಬೇಕು ಎಂಬುದೊಂದೇ ಶರತ್ತು.

ಓದುಗರೇ, ನೀವು ಪಂಚಾಯಿತಿಗೆ ಕಟ್ಟುವ ಮನೆ ತೆರಿಗೆಯ ರಸೀದಿಯನ್ನು ಒಮ್ಮೆ ತೆಗೆದು ನೋಡಿ. ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಎಂದು ಅದರಲ್ಲಿ ಸೇರಿರುತ್ತದೆ. ಗ್ರಂಥಾಲಯದ ಬಾಗಿಲು ತುಳಿಯದ ಮನೆಯೂ ಆ ಹಣ ಕಟ್ಟಿದೆ, ತೋಟದ ಮನೆಯೂ ಕಟ್ಟಿದೆ. ಮುಂದಿನ ಗ್ರಾಮಸಭೆಗೆ ಹೋದಾಗ ಎದ್ದು ನಿಂತು ಮೂರು ಮಾತು ಕೇಳಿ: ನಮ್ಮ ಊರಿನ ಗ್ರಂಥಾಲಯಕ್ಕೆ ಯಾರು ಬರುತ್ತಿಲ್ಲ, ಯಾಕೆ ಬರುತ್ತಿಲ್ಲ, ಅವರನ್ನು ಯಾರಾದರೂ ಕೇಳಿದ್ದಾರೆಯೇ? ಉತ್ತರ ಬರುವವರೆಗೆ ಕೂರಬೇಡಿ.